ನಾನೇ ಬರೆದ ವಂಶಾವಳಿಯಲ್ಲಿ ನಾನೇ ಸಿಕ್ಕಿಬಿದ್ದದ್ದು

ಕಲ್ಕತ್ತೆಯಲ್ಲಿ ಇಬ್ಬರು ಕನ್ನಡದವರು ಎದುರುಬದುರಾದರೆ ಹತ್ತು ನಿಮಿಷದೊಳಗೆ ಏನಾದರೊಂದು ನೆಂಟಸ್ತನ ಹೊರಬೀಳದೆ ಇರುತ್ತಿರಲಿಲ್ಲ. ಅರವತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಹೋದಾಗಿನಿಂದ ಇದನ್ನು ನೋಡುತ್ತಲೇ ಬಂದೆ. ಒಂದು ಸಲ ಇದರಿಂದ ನನ್ನ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ನಾನು ಬರೆಯುತ್ತಿರುವುದು ಇದೇ ಮೊದಲು. ಓದುವವರಿಗೆ ಎಲ್ಲಿ ಗೊಂದಲವಾಗುತ್ತದೋ ಎಂಬ ಹೆದರಿಕೆಯಿಂದ ಅಲ್ಲಲ್ಲಿ ಹೆಚ್ಚೇ ವಿವರಿಸಿದ್ದೇನೆ. ಗೊತ್ತಿದ್ದವರು ಅಷ್ಟು ಭಾಗ ದಾಟಿಕೊಂಡು ಹೋಗಬಹುದು.

೧. ಕಾಫಿಪುಡಿಯ ಸಾಲು

ಮೊದಲು ದೊಡ್ಡಮ್ಮನ ವಿಷಯ ಹೇಳಬೇಕು. ನನಗೆ ಒಂಬತ್ತು ವರ್ಷವಾಗುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಸಾಕಿದವರು ದೊಡ್ಡಮ್ಮ. ತಾಯಿಯ ಒಡಹುಟ್ಟಿದ ಅಕ್ಕ ಅಲ್ಲ. ತಾಯಿಯ ದೊಡ್ಡಮ್ಮನ ಮಗಳು, ಹಾಗಾಗಿ ಅಕ್ಕ. ಅವರ ಯಜಮಾನರು ಮದುವೆಯಾದ ಹೊಸತರಲ್ಲಿ ಕಾಶಿಗೆ ಹೋಗಿ ಬರುತ್ತೇನೆಂದು ಹೋದವರು ಬರಲಿಲ್ಲ. ಹೀಗಾಗಿ ಅವರಿಗೆ ಕುಂಕುಮ ಉಳಿದಿತ್ತು, ಮನೆ ಉಳಿದಿರಲಿಲ್ಲ. ನನಗೆ ಕಲ್ಕತ್ತೆಯ ರೈಲ್ವೆ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಾಗ ಒಂದು ಟ್ರಂಕು, ಒಂದು ಒರಳು ಹೊರಿಸಿಕೊಂಡು ಅವರೂ ಬಂದರು.

ದೊಡ್ಡಮ್ಮನ ತಲೆಯೊಳಗೆ ಹಳೇ ಮೈಸೂರಿನ ಅರ್ಧದಷ್ಟು ಮನೆತನಗಳಿದ್ದವು. ಊರು ಯಾವುದು, ತಾಯಿಯ ತವರು ಯಾವುದು, ಅಜ್ಜಿಯ ತವರು ಯಾವುದು ಎಂದು ಮೂರು ಪ್ರಶ್ನೆ ಕೇಳಿದರೆ ಎದುರಿಗಿದ್ದವರು ಬಲೆಗೆ ಬಿದ್ದಂತೆಯೇ.

ಒಂದು ಭಾನುವಾರ ಲೇಕ್ ಮಾರ್ಕೆಟ್ಟಿನ ಕಾಫಿಪುಡಿ ಅಂಗಡಿಯಲ್ಲಿ ಸಾಲು ನಿಂತಿದ್ದೆವು. ದಪ್ಪ ಕನ್ನಡಕದ ಒಬ್ಬರು ನೇರವಾಗಿ ಬಂದು ದೊಡ್ಡಮ್ಮನ ಮುಂದೆ ನುಗ್ಗಿ ನಿಂತರು. ದೊಡ್ಡಮ್ಮ ಏನೂ ಅನ್ನಲಿಲ್ಲ. ಆದರೆ ಆತ, ಈ ಸೆಕೆಯಲ್ಲಿ ಇಷ್ಟು ಹೊತ್ತು ಯಾರು ನಿಲ್ಲುತ್ತಾರೆ ಎಂದು ಕನ್ನಡದಲ್ಲಿ ಗೊಣಗಿಬಿಟ್ಟರು. ತಕ್ಷಣ ಮೂರು ಪ್ರಶ್ನೆಗಳೂ ಬಂದವು. ಪುಡಿ ಬೀಸಿ ಮುಗಿಯುವಷ್ಟರಲ್ಲಿ ಆತ ದೊಡ್ಡಮ್ಮನ ಯಜಮಾನರ ಸೋದರತ್ತೆಯ ಮೊಮ್ಮಗ, ಅಂದರೆ ಅಳಿಯನ ವರಸೆ ಎಂದು ಇತ್ಯರ್ಥವಾಯಿತು. ಆತ ಬಹಳ ಸಂತೋಷಪಟ್ಟರು. ದೊಡ್ಡಮ್ಮನೂ ಸಂತೋಷಪಟ್ಟು ಹೇಳಿದರು:

"ಯಾರೋ ಹೊರಗಿನವರು ಅಂತ ಇಷ್ಟು ಹೊತ್ತು ಸುಮ್ಮನಿದ್ದೆ ಕಣಪ್ಪ. ಈಗ ಗೊತ್ತಾಯ್ತಲ್ಲ, ಹಿಂದೆ ಹೋಗಿ ನಿಂತ್ಕೋ."

೨. ಟ್ರೇಸಿಂಗ್ ಬಟ್ಟೆ

ಇದೆಲ್ಲ ಒಬ್ಬರ ತಲೆಯಲ್ಲೇ ಇದ್ದು ಹಾಳಾಗಬಾರದು ಎನ್ನಿಸಿ ನಾನು ಬರೆದಿಡಲು ಹೊರಟೆ. ನಕ್ಷೆ ಬರೆಯುವವನು ವಂಶಾವಳಿ ಬರೆದರೆ ಅದೂ ನಕ್ಷೆಯಂತೆಯೇ ಆಗುತ್ತದೆ. ಕಚೇರಿಯಲ್ಲಿ ಕತ್ತರಿಸಿ ಎಸೆಯುತ್ತಿದ್ದ ನಕ್ಷೆ ನಕಲು ತೆಗೆಯುವ ಟ್ರೇಸಿಂಗ್ ಬಟ್ಟೆಯ ತುಂಡುಗಳನ್ನು ಜೋಡಿಸಿ, ಮದುವೆಗೆ ಜೋಡಿಗೆರೆ, ಮಕ್ಕಳಿಗೆ ಒಂಟಿಗೆರೆ, ತೀರಿಕೊಂಡವರಿಗೆ ಖಾಲಿ ವೃತ್ತ ಎಂದು ಇಂಡಿಯನ್ ಇಂಕಿನಲ್ಲಿ ಎಳೆದೆ. ಸಂಜೆ ದೊಡ್ಡಮ್ಮ ಅಕ್ಕಿ ಆರಿಸುತ್ತ ಹೇಳುವರು, ನಾನು ಬರೆಯುವೆ. ಎರಡು ವರ್ಷದಲ್ಲಿ ಬಟ್ಟೆ ಆರಡಿ ಉದ್ದವಾಯಿತು.

ಒಂದು ಮಧ್ಯಾಹ್ನ ಊಟದ ವಿರಾಮದಲ್ಲಿ ಅದನ್ನು ಕಚೇರಿಯ ಮೇಜಿನ ಮೇಲೆ ಹರಡಿ ತಿದ್ದುತ್ತಿದ್ದಾಗ ನಮ್ಮ ಬೊಡೊಬಾಬು, ಅಂದರೆ ಬಂಗಾಳಿಯಲ್ಲಿ ಹಿರಿಯ ಗುಮಾಸ್ತರು, ಹಿಂದೆ ಬಂದು ನಿಂತರು. ಕನ್ನಡ ಅಕ್ಷರ ಅವರಿಗೆ ಬಾರದು. ಬಹಳ ಹೊತ್ತು ನೋಡಿ, ಇದು ಯಾವ ಸ್ಟೇಷನ್ನಿನ ಯಾರ್ಡು ಎಂದು ಕೇಳಿದರು. ನಾನು ಹೆದರಿ ನಿಜ ಹೇಳಿದೆ. ನಮ್ಮಲ್ಲಿ ಸೋದರಮಾವನ ಮಗಳನ್ನೂ ಅತ್ತೆಯ ಮಗನನ್ನೂ ಮದುವೆಯಾಗುವುದುಂಟು, ಅದಕ್ಕೇ ಗೆರೆಗಳು ಹೋದಲ್ಲಿಗೇ ತಿರುಗಿ ಬರುತ್ತವೆ ಎಂದು ವಿವರಿಸಿದೆ. ಬಂಗಾಳಿಗಳಲ್ಲಿ ಆ ಪದ್ಧತಿಯಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಇಷ್ಟೊಂದು ಲೂಪ್ ಲೈನ್ ಇಟ್ಟುಕೊಂಡು ನೀವು ಸಿಗ್ನಲ್ ಇಲ್ಲದೆ ಹೇಗಯ್ಯಾ ಓಡಿಸುತ್ತೀರಿ?"

೩. ನಮಸ್ಕಾರ

ಸಿಗ್ನಲ್ ಇತ್ತು. ಅದರ ಹೆಸರು ವರಸೆ. ಯಾರು ಯಾರಿಗೆ ಏನಾಗಬೇಕು ಎಂಬ ಲೆಕ್ಕ. ಅತ್ತೆ ಮಾವಂದಿರ ಮಕ್ಕಳಾದರೆ ಮದುವೆಯಾಗಬಹುದು. ಅಕ್ಕತಂಗಿಯರ ಮಕ್ಕಳಾದರೆ ಅಣ್ಣತಂಗಿಯರು, ಆಗಬಾರದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ತಪ್ಪು ಇದು.

ಸದರ್ನ್ ಅವೆನ್ಯೂವಿನಲ್ಲಿ ಧಾರವಾಡದ ಕಡೆಯ ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರಿದ್ದರು. ಅವರ ಮಗಳು ಒಂದು ಶಾಲೆಯಲ್ಲಿ ಟೀಚರು. ನಾನು ಹತ್ತುವ ಟ್ರಾಮನ್ನೇ ಆಕೆಯೂ ಹತ್ತುತ್ತಿದ್ದಳು. ನಾವು ನಾಲ್ಕು ಸಲ ಮಾತಾಡಿದ್ದೆವು. ನಾಲ್ಕೇ ಸಲ; ಅದರಲ್ಲಿ ಒಂದು ಸಲ ಚಿಲ್ಲರೆ ವಿಷಯ. ಆದರೂ ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಆಕೆಯೂ ನಾಲ್ಕನೆಯ ಸಲ, "ನೀವು ಅಪ್ಪನ್ನ ಬಂದು ನೋಡಬಹುದಲ್ಲ?" ಎಂದಿದ್ದಳು.

ಹಿಂದುಮುಂದಿಲ್ಲದ ಹುಡುಗ ನಾನು. ಕೈಬೀಸಿಕೊಂಡು ಹೋಗಿ ಹೆಣ್ಣು ಕೇಳುವುದು ಹೇಗೆ? ನಮ್ಮ ವಂಶ ಇಂಥದು ಎಂದು ತೋರಿಸಿದರೆ ಮರ್ಯಾದೆ ಬಂದೀತು ಎಂದು ಆರಡಿ ಬಟ್ಟೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದೆ.

ಅಧಿಕಾರಿಗಳಿಗೆ ಅದು ಬಹಳ ಹಿಡಿಸಿತು. ಇಬ್ಬರೂ ನೆಲದ ಮೇಲೆ ಹರಡಿಕೊಂಡು ಮಂಡಿಯೂರಿದೆವು. ನನ್ನ ತಾಯಿಯ ಕಡೆ ಮೇಲುಗಡೆ ಹರಿಹರದ ಮನೆಯೊಂದರ ಮೂವರು ಅಕ್ಕತಂಗಿಯರಿದ್ದರು. ಮೂರನೆಯವರು ನನ್ನ ಅಜ್ಜಿ, ತಾಯಿಯ ತಾಯಿ. ಎರಡನೆಯವರು ದೊಡ್ಡಮ್ಮನ ತಾಯಿ. ಮೊದಲನೆಯವರನ್ನು ಧಾರವಾಡಕ್ಕೆ ಕೊಟ್ಟಿತ್ತು, ಆಮೇಲೆ ಸಂಪರ್ಕವಿಲ್ಲ. ಆ ಗೆರೆ ಅರ್ಧಕ್ಕೇ ನಿಂತಿತ್ತು. ಅಧಿಕಾರಿಗಳು ಬೆರಳನ್ನು ಅದರ ಮೇಲಿಟ್ಟು, ತಮ್ಮ ತಾಯಿಯ ತವರು ಧಾರವಾಡ, ಅಜ್ಜಿಯ ತವರು ಹರಿಹರ ಎಂದರು. ನನಗೆ ಮೈ ಜುಮ್ಮೆಂದಿತು. ಎರಡು ವರ್ಷದಿಂದ ಹುಡುಕುತ್ತಿದ್ದ ಕೊಂಡಿ. ಪೆನ್ಸಿಲ್ ತೆಗೆದು ನನ್ನ ಕೈಯಾರೆ ಗೆರೆ ಮುಂದುವರಿಸಿ, ಅವರ ತಾಯಿಯನ್ನೂ ಅವರನ್ನೂ ಬರೆದೆ. ನೋಡಿದರೆ ಅವರ ಹೆಸರು ನನ್ನ ಹೆಸರಿನ ಸಾಲಿನಲ್ಲೇ ಕೂತಿತ್ತು. ನಮ್ಮ ಅಜ್ಜಿಯರು ಅಕ್ಕತಂಗಿ, ತಾಯಂದಿರು ಅಕ್ಕತಂಗಿ.

"ಅಂದ್ರ ನೀ ನನಗ ತಮ್ಮ ಆದಿ," ಎಂದು ಅವರು ಬೆನ್ನು ತಟ್ಟಿದರು. ನೀವು ಎನ್ನುತ್ತಿದ್ದವರು ಅಲ್ಲಿಂದ ನೀ ಎಂದರು. ಆಮೇಲೆ ಒಳಗೆ ತಿರುಗಿ ಮಗಳನ್ನು ಕರೆದರು.

"ಬಾ ಇಲ್ಲೆ. ನಿಮ್ಮ ಕಾಕಾ ಬಂದಾರ. ಕಾಲಿಗೆ ನಮಸ್ಕಾರ ಮಾಡು."

ಆಕೆ ಬಂದಳು. ನನ್ನನ್ನು ನೋಡಿದಳು, ಬಟ್ಟೆಯನ್ನು ನೋಡಿದಳು, ಬಗ್ಗಿ ನಮಸ್ಕಾರ ಮಾಡಿದಳು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು: "ಬೇಗ ಮದುವೆಯಾಗಲಮ್ಮಾ."

೪. ಟ್ರಾಮಿನಲ್ಲಿ

ಮರುದಿನ ಟ್ರಾಮಿನಲ್ಲಿ ಆಕೆ ನನ್ನ ಪಕ್ಕದ ಸೀಟಿನಲ್ಲೇ ಕೂತಳು. ಕಲ್ಕತ್ತೆಯಲ್ಲೇ ಬೆಳೆದವಳು, ಕನ್ನಡ ಅರ್ಥವಾಗುವಷ್ಟು ಆಡಲು ಬಾರದು. ಆ ದಿನ ಮಾತ್ರ ಚೆನ್ನಾಗಿಯೇ ಬಂತು.

"ನಾನು ನಿಮ್ಮನ್ನ ಬರಕ್ಕೆ ಹೇಳಿದ್ದು," ಎಂದಳು. "ಚಾರ್ಟ್ ತರಕ್ಕೆ ಯಾರು ಹೇಳಿದ್ದು?"

ನಾನು ವರಸೆಯ ನಿಯಮ ವಿವರಿಸತೊಡಗಿದೆ. ಆಕೆ ತನ್ನ ಸ್ಟಾಪಿಗಿಂತ ಎರಡು ಸ್ಟಾಪು ಮೊದಲೇ ಇಳಿದುಹೋದಳು. ಕಂಡಕ್ಟರು ನನ್ನ ಮುಖ ನೋಡಿ ಟಿಕೆಟ್ಟು ಕೇಳಲಿಲ್ಲ.

೫. ಪರಿಚಯದ ಹುಡುಗ

ದೊಡ್ಡಮ್ಮನಿಗೆ ಧಾರವಾಡದ ಕೊಂಡಿ ಸಿಕ್ಕಿತು ಎಂದಷ್ಟೇ ಹೇಳಿದ್ದೆ. ಕೊಂಡಿ ಸಿಕ್ಕ ಮೇಲೂ ಇವನ ಮುಖ ಹೀಗೇಕಿದೆ ಎಂದು ಅವರು ಎರಡು ದಿನ ನೋಡಿದರು. ಮೂರನೆಯ ದಿನ ಕೇಳಿದರು. ಎಲ್ಲ ಹೇಳಿದೆ. ಅವರು ಮೊರವನ್ನು ಕೆಳಗಿಟ್ಟು ಹೋಗಿ ಮಲಗಿಬಿಟ್ಟರು. ಬೆಳಿಗ್ಗೆ ಎದ್ದು, ಒಳ್ಳೆಯ ಸೀರೆಯುಟ್ಟು, ಆ ಮನೆ ತೋರಿಸು ನಡಿ ಎಂದರು.

ಅಧಿಕಾರಿಗಳು ಆದರದಿಂದ ಕೂರಿಸಿದರು. ದೊಡ್ಡಮ್ಮ ನೀರನ್ನೂ ಮುಟ್ಟದೆ ಹೇಳಿದರು:

"ಇದು ನಮ್ಮಮ್ಮ ಸಾಯೋ ಮುಂಚೆ ನನಗೊಬ್ಬಳಿಗೇ ಹೇಳಿದ್ದು. ಹರಿಹರದಲ್ಲಿ ಪ್ಲೇಗು ಬಂದಾಗ ಪಕ್ಕದ ಮನೆಯವರೆಲ್ಲ ಹೋಗಿ, ತೊಟ್ಟಿಲಲ್ಲಿ ಒಂದು ಹೆಣ್ಣುಮಗು ಉಳಿದಿತ್ತಂತೆ. ನಮ್ಮಜ್ಜಿ ಅದನ್ನ ತಂದು ಮೂರನೇ ಮಗಳು ಅಂತಲೇ ಸಾಕಿದ್ರು. ಆ ಮಗುವಿನ ಮೊಮ್ಮಗ ಇವನು. ನಿಮಗೆ ಇವನು ಏನೂ ಆಗಬೇಕಿಲ್ಲ. ಅವತ್ತು ಇವನು ಬಂದಿದ್ದೇ ನಿಮ್ಮ ಮಗಳನ್ನ ಕೇಳಕ್ಕೆ. ಮದುವೆಗೆ ಅಡ್ಡಿಯಿಲ್ಲ."

ಅಧಿಕಾರಿಗಳು ಸ್ವಲ್ಪ ಹೊತ್ತು ಲೆಕ್ಕ ಹಾಕಿ ಮೆಲ್ಲಗೆ ಕೇಳಿದರು: "ಹಂಗಾದ್ರ ನಿಮಗ?"

"ನನಗೂ ಏನೂ ಅಲ್ಲ," ಎಂದರು ದೊಡ್ಡಮ್ಮ. ನನ್ನ ಕಡೆ ನೋಡಲಿಲ್ಲ.

ಇಪ್ಪತ್ತೊಂದು ವರ್ಷ ಅವರ ಕೈಯ ಅನ್ನ ತಿಂದಿದ್ದೆ. ಈ ಒಂದು ಮಾತು ಆಡಿದರೆ ನನ್ನ ಮನೆಯಲ್ಲಿ ತಮ್ಮ ಹಕ್ಕು ಹೋಗುತ್ತದೆ ಎಂದೇ ಅವರು ಅದನ್ನು ಅಷ್ಟು ವರ್ಷ ನುಂಗಿಕೊಂಡಿದ್ದರು ಎಂಬುದು ನನಗೆ ಆಗ ಹೊಳೆಯಿತು. ನಾನು ಏಳಲು ಹೊರಟೆ. ಆದರೆ ಅಧಿಕಾರಿಗಳು ಅಷ್ಟರಲ್ಲಿ ಎದ್ದು ನಿಂತಿದ್ದರು. ದೊಡ್ಡಮ್ಮ ಅವರ ತಾಯಿಗೆ ನಿಜವಾಗಿಯೂ ತಂಗಿ. "ಅಂದ್ರ ನೀವು ನನಗ ಮೌಶಿ," ಎಂದು ಕಾಲಿಗೆ ಬಿದ್ದು, ಆ ಸಲಿಗೆಯಲ್ಲೇ ವಿಚಾರಿಸಿದರು: ಮೌಶಿ, ಈ ಹುಡುಗನ್ನ ನೀವು ಬಲ್ಲಿರೇನು, ಹೆಂಗಿದ್ದಾನ?

ದೊಡ್ಡಮ್ಮ ನೆಟ್ಟಗೆ ಕೂತರು. ಒಂದು ಕ್ಷಣದ ಹಿಂದಷ್ಟೇ ಅವರು ಹೆಣ್ಣಿನ ಕಡೆಯ ಹಿರಿಯರಾಗಿಬಿಟ್ಟಿದ್ದರು, ಸುಳ್ಳು ಹೇಳುವಂತಿರಲಿಲ್ಲ.

"ಒಂಬತ್ತು ವರ್ಷದವನಿದ್ದಾಗಿಂದ ಪರಿಚಯ," ಎಂದರು. "ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕ್ತಾನೆ. ಬದನೆಕಾಯಿ ತಿನ್ನಲ್ಲ. ಕೇಳಿದ್ದಕ್ಕೆ ಒಂದು ಮಾತಲ್ಲಿ ಉತ್ತರ ಹೇಳೋದು ಗೊತ್ತಿಲ್ಲ. ಮಿಕ್ಕಿದ್ದು ಪರವಾಗಿಲ್ಲ, ಯಾರೋ ಒಳ್ಳೆಯವರು ಬೆಳೆಸಿದ್ದಾರೆ."

೬. ಹೆಣ್ಣಿನ ಕಡೆಯವರು

ಮದುವೆ ನಿಶ್ಚಯವಾಯಿತು. ಮನೆಗೆ ಬಂದು, ಇದೆಲ್ಲ ಅಲ್ಲಿಗೆ ಹೇಳಿದ ಮಾತು, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದೆ. ದೊಡ್ಡಮ್ಮ ಒಪ್ಪಲಿಲ್ಲ. ನಾಲ್ಕು ಜನರೆದುರು ಏನೂ ಅಲ್ಲ ಎಂದು ಹೇಳಿ, ಗಂಡಿನ ಕಡೆ ಕೂತರೆ, ಮುದುಕಿ ಮದುವೆಗೋಸ್ಕರ ಕಥೆ ಕಟ್ಟಿದಳು ಎನ್ನುವುದಿಲ್ಲವೇ, ನಾಳೆ ಮಕ್ಕಳಿಗೆ ಕುಂದಲ್ಲವೇ ಎಂದರು. ಹದಿನೈದು ದಿನ ಮುಂಚೆಯೇ ಟ್ರಂಕು ತೆಗೆದುಕೊಂಡು ಸದರ್ನ್ ಅವೆನ್ಯೂಗೆ ಹೋಗಿಬಿಟ್ಟರು.

ಹೀಗಾಗಿ ಗಂಡಿನ ಕಡೆಗೆ ಗಂಡನ್ನು ಬಿಟ್ಟು ಯಾರೂ ಇರಲಿಲ್ಲ. ನಮ್ಮ ಕಚೇರಿಯ ಮೂವರು ನಕ್ಷೆಗಾರರು, ಕೆಳಗಿನ ಮನೆಯ ಬಂಗಾಳಿ ಮಾಲೀಕರು, ಅವರ ಹೆಂಡತಿ, ಬೊಡೊಬಾಬು. ಇಷ್ಟೇ ನನ್ನ ಬಳಗ. ಗಂಡಿನ ತಂದೆಯ ಜಾಗದಲ್ಲಿ ಬೊಡೊಬಾಬು ಪಂಚೆಯುಟ್ಟು ಕೂತರು. ದೊಡ್ಡಮ್ಮ ಅವರ ಮುಂದೆ ಕೈಮುಗಿದು, ಉಪಚಾರದಲ್ಲಿ ಏನಾದರೂ ಕುಂದು ಬಂದಿದ್ದರೆ ಗಂಡಿನ ಕಡೆಯವರು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕನ್ನಡದಲ್ಲಿ ಬೇಡಿದರು. ಒಂದಕ್ಷರ ಅರ್ಥವಾಗದಿದ್ದರೂ ಬೊಡೊಬಾಬು ಹೆಣ್ಣಿನ ಕಡೆಯವರನ್ನು ಗಂಭೀರವಾಗಿ ಕ್ಷಮಿಸಿದರು.

ಮದುಮಗಳು ಮನೆಗೆ ಬಂದಾಗ ಬಾಗಿಲಲ್ಲಿ ಆರತಿ ಹಿಡಿಯಲು ನಮ್ಮವರು ಯಾರೂ ಇಲ್ಲದೆ ಮಾಲೀಕರ ಹೆಂಡತಿಯೇ ಬಂಗಾಳಿ ಪದ್ಧತಿಯಂತೆ ಶಂಖ ಊದಿ, ಉಲು ಎಂದು ನಾಲಿಗೆ ಆಡಿಸಿ ಬೀದಿಯನ್ನೆಲ್ಲ ಕರೆದರು. ಹೆಂಡತಿ ಸೇರಕ್ಕಿ ಒದ್ದು ಒಳಗೆ ಬಂದಳು. ನಮ್ಮಲ್ಲಿ ಹುಡುಗಿ ಮೊದಲ ಸಲ ಗಂಡನ ಮನೆಗೆ ಬರುವಾಗ ತವರಿನ ಹಿರಿಯ ಮುತ್ತೈದೆಯೊಬ್ಬರು ಜೊತೆಗೆ ಬಂದು, ಮೂರು ದಿನ ಅತಿಥಿಯಾಗಿದ್ದು ಹೋಗುವುದು ಪದ್ಧತಿ. ಆ ಹಿರಿಯರು ಟ್ಯಾಕ್ಸಿಯಿಂದ ಟ್ರಂಕಿನೊಂದಿಗೆ ಇಳಿದರು. ಅದು ದೊಡ್ಡಮ್ಮ. (ಆ ಮೂರು ದಿನ ಮುಗಿಯಲು ಅವರಿಗೆ ಹನ್ನೊಂದು ವರ್ಷ ಹಿಡಿಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರಿಗೆ ಚಿಂತೆ ಬೇಡ.)

ಅವರು ಹೊಸ್ತಿಲಲ್ಲಿ ಸ್ವಲ್ಪ ಸಂಕೋಚಪಟ್ಟು ನಿಂತರು. ತಾವೇ ಸಗಣಿ ಹುಡುಕಿ ತಂದು ಸಾರಿಸುತ್ತಿದ್ದ ಮನೆಯನ್ನು ಆ ಗೋಡೆ ಈ ಗೋಡೆ ಎಂದು ಹೊಸಬರಂತೆ ನೋಡಿದರು. ಬೊಡೊಬಾಬು ಎದ್ದು ಕುರ್ಚಿ ಬಿಟ್ಟುಕೊಟ್ಟರು. ದೊಡ್ಡಮ್ಮ ಅಂಚಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಚಿಕ್ಕಂದಿನಿಂದ ನನ್ನನ್ನು ಲೋ ಎಂದೇ ಕರೆಯುತ್ತಿದ್ದವರು, ತುಂಬಿದ ಮನೆಯೆದುರು ತಗ್ಗಿದ ದನಿಯಲ್ಲಿ ಕೇಳಿದರು:

"ಅಳಿಯಂದಿರೇ, ಕಾಲು ತೊಳೀಬೇಕಿತ್ತು. ತಮ್ಮ ಮನೇಲಿ ಬಚ್ಚಲು ಯಾವ ಕಡೆ?"