ಅರ್ಧ ಸುತ್ತು ಮುಂದ, ಪಾವು ಸುತ್ತು ಹಿಂದ

ನನ್ನನ್ನು ಮದುವೆ ಮಾಡಿಕೊಡಿರೆಂದು ಕೇಳಲು ಒಬ್ಬರು ನಮ್ಮ ಮನೆ ಬಾಗಿಲಿಗೆ ಎಷ್ಟು ಸಲ ಬಂದರೋ, ಅಷ್ಟೇ ಸಲ ಕೇಳದೆ ತಿರುಗಿ ಹೋದರು! ನನ್ನ ಮುಖ ನೋಡಿ ಹೆದರಿ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ತಪ್ಪೆಲ್ಲ ಅವರು ಮಾಡುತ್ತಿದ್ದ ಕೆಲಸದ್ದು.

ಐವತ್ತರ ದಶಕ. ಧಾರವಾಡದಿಂದ ಬಂದ ನಾವು ಮಾಟುಂಗದ ಚಾಳಿನಲ್ಲಿದ್ದೆವು. ಅವರು ನನ್ನ ಅಣ್ಣನ ಗೆಳೆಯರು, ನಮ್ಮ ಕಡೆಯವರೇ. ಅಣ್ಣನಿಗೂ ಅವರಿಗೂ ಧಾರಾವಿಯ ಹತ್ತಿರ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಬಸ್ಸು, ಲಾರಿಗಳ ಭಾಗಗಳಿಗೆ ಬಣ್ಣ ಹೊಡೆದಾಗ ಬೋಲ್ಟು ಕೂರುವ ತೂತಿನೊಳಗೂ ಬಣ್ಣ ಇಳಿದು ಗಟ್ಟಿಯಾಗುತ್ತದೆ. ಆಮೇಲೆ ಬೋಲ್ಟು ಒಳಗೆ ಹೋಗಲೊಲ್ಲದು. ತೂತಿನ ಸುತ್ತುಗೆರೆಗಳಿಂದ ಆ ಬಣ್ಣ ಬಿಡಿಸುವುದೇ ಅವರ ಉದ್ಯೋಗ. ಅದಕ್ಕೆ ಟ್ಯಾಪ್ ಎಂಬ ಉಕ್ಕಿನ ತಿರುಪುಸಲಾಕೆ. ಅದನ್ನು ತೂತಿಗಿಟ್ಟು ಅರ್ಧ ಸುತ್ತು ಮುಂದೆ ತಿರುಗಿಸಬೇಕು, ಪಾವು ಸುತ್ತು, ಅಂದರೆ ಅದರರ್ಧ, ಹಿಂದೆ. ಆಗ ಬಣ್ಣದ ಚೂರು ಮುರಿದು ಉದುರುತ್ತದೆ. ಮತ್ತೆ ಅರ್ಧ ಮುಂದೆ, ಮತ್ತೆ ಪಾವು ಹಿಂದೆ.

"ಜಬರ್‌ದಸ್ತಿ ಮಾಡಿದ್ರ ಟ್ಯಾಪ್ ಒಳಗ ಮುರೀತದ. ಆಮ್ಯಾಲೆ ಪೂರಾ ಪಾರ್ಟ್ ಖರಾಬ್!" ಎಂದು ನಮ್ಮವ್ವನಿಗೂ ಪಾಠ ಹೇಳುತ್ತಿದ್ದರು. ಅವ್ವ ಪಾಪ, ಸೊಪ್ಪು ಸೋಸುತ್ತ "ಹೌದಪಾ, ಖರೇ" ಎನ್ನುತ್ತಿದ್ದಳು.

ಈ ವಿದ್ಯೆಯನ್ನು ಸಂಜೆ ವರ್ಕ್‌ಶಾಪಿನಲ್ಲೇ ಬಿಟ್ಟು ಬಂದಿದ್ದರೆ ಯಾರಿಗೇನು ತೊಂದರೆಯಿತ್ತು? ಟ್ರಾಮ್ ಹತ್ತುವಾಗಲೂ ಒಂದು ಕಾಲು ಮೇಲಿಟ್ಟು, ಮತ್ತೆ ಕೆಳಗಿಟ್ಟು, ಆಮೇಲೆ ಹತ್ತಬೇಕು! "ಅರೇ ಸಾಹೇಬ್, ಜಾನಾ ಹೈ ಯಾ ನಾಪ್ ಲೇನಾ ಹೈ?" ಹೋಗುತ್ತೀರೋ, ಅಳತೆ ತೆಗೆಯುತ್ತೀರೋ ಎಂದು ಕಂಡಕ್ಟರ್ ಕೂಗಿದ್ದನ್ನು ಅಣ್ಣ ಅಭಿನಯಿಸಿ ತೋರಿಸುತ್ತಿದ್ದ. ಉಡುಪಿ ಹೋಟೆಲಿನಲ್ಲಿ ಮಸಾಲೆದೋಸೆ ಹೇಳಿ, ಮಾಣಿ ಎರಡು ಹೆಜ್ಜೆ ಹೋಗುವಷ್ಟರಲ್ಲಿ "ಥಾಂಬಾ, ನಿಲ್ಲು, ಇಡ್ಲಿ ಇರಲಿ" ಎನ್ನುವುದು. ಕಡೆಗೊಂದು ದಿನ ಅವನು ಕೈ ಮುಗಿದು, "ನಾಳೆ ಏನು ತಿನ್ನುದು ಅಂತ ಇವತ್ತೇ ಹೇಳಿ ಹೋಗಿ ಮಾರಾಯ್ರೆ, ನಾಳೆಗಾದ್ರೂ ಆದೀತು!" ಎಂದನಂತೆ.

ಐತವಾರ ನಮ್ಮಲ್ಲಿ ಊಟ. "ಪಲ್ಯ ಭಾಳ ಛಲೋ ಆಗೇದ" ಎಂದು ನನ್ನ ಕಡೆ ನೋಡುವರು. ಅರ್ಧ ಸುತ್ತಾಯಿತು. ನಾನು ತಲೆ ಎತ್ತಿದೆನೋ, "ಅಂದ್ರ, ಬದನೀಕಾಯಿನ ಛಲೋ ಇದ್ದವು." ಪಾವು ಹಿಂದೆ! "ನೀವು ಮಾಡಿದ ಪಲ್ಯ" ಎನ್ನುವಷ್ಟು ಮುಂದೆ ಬರುವ ಹೊತ್ತಿಗೆ ಬದನೆಕಾಯಿಯ ಕಾಲವೇ ಮುಗಿದಿತ್ತು. ಆದರೂ ನನಗೊಂದು ಧೈರ್ಯ. ಎಷ್ಟು ಹಿಂದೆ ಸರಿದರೂ ಪ್ರತಿಸಲ ಪಾವು ಸುತ್ತು ಉಳಿಯುತ್ತದಲ್ಲ? ಇವತ್ತಲ್ಲ ನಾಳೆ ತಳ ಮುಟ್ಟುತ್ತಾರೆಂದು ಕಾದೆ. ಮನಸ್ಸಿನಲ್ಲಿ ಅವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮುಲುಂಡಿನಿಂದ ಒಂದು ಸಂಬಂಧ ಬಂತು. ಅಣ್ಣ ಗೆಳೆಯನನ್ನು ಹಿಡಿದು ನಿಲ್ಲಿಸಿ, "ಲೇ, ಕೇಳೋದಿದ್ರ ಈ ಐತವಾರ ಅಪ್ಪನ್ನ ಕೇಳಿಬಿಡು" ಎಂದ. ಬಂದರು! ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. "ಒಂದು ಮಾತು ಕೇಳಬೇಕಾಗಿತ್ರಿ" ಎಂದರು. ಒಳಗೆ ನಾನು ಒಗ್ಗರಣೆ ಸೌಟು ಒಲೆಯ ಮೇಲೆ ಹಿಡಿದು ಬಾಗಿಲ ಕಡೆ ಕಿವಿಗೊಟ್ಟೆ.

"ಕೇಳಪಾ" ಎಂದ ಅಪ್ಪ.

"ಅಲ್ಲ... ಬರೋ ವಾರ ಬಂದು ಕೇಳ್ತೀನ್ರಿ."

ಒಗ್ಗರಣೆ ಸೀದು ಹೋಯಿತು.

ಹೇಳಿದ ಮಾತಿನಂತೆ ಮುಂದಿನ ವಾರ ಬಂದರು. ತಮ್ಮ ದೊಡ್ಡಮ್ಮನನ್ನು ಕರೆದುಕೊಂಡು, ಹೂವು ಹಣ್ಣು ಹಿಡಿದುಕೊಂಡು. ಮುಲುಂಡಿನವರು ಬುಧವಾರವೇ ಬಂದು ನಿಶ್ಚಯ ಮಾಡಿಕೊಂಡು ಹೋಗಿದ್ದರು. ವರ್ಕ್‌ಶಾಪಿನಲ್ಲಿ ದಿನವೂ ಕಂಡರೂ ಅದನ್ನು ಅವರಿಗೆ ಹೇಳಲು ಅಣ್ಣನಿಗೆ ಬಾಯಿ ಬಂದಿರಲಿಲ್ಲ. ಹಣ್ಣು ನೋಡಿ ಅವ್ವ, "ಸುದ್ದಿ ಇಷ್ಟು ಜಲ್ದಿ ಗೊತ್ತಾತೇನ್ರಿ? ಎಷ್ಟು ಪ್ರೀತಿ ನಿಮಗ!" ಎಂದು ಬುಟ್ಟಿ ಇಸಿದುಕೊಂಡಳು. ದೊಡ್ಡಮ್ಮ ಅವರ ಮುಖ ನೋಡಿದರು. ಅವರು ನೆಲ ನೋಡಿದರು. ನಾನು ಯಾರನ್ನು ನೋಡಲಿ?

ಅಪ್ಪ ನನಗೆ ಕೊಡಲೆಂದು ಕಬ್ಬಿಣದ ಮಂಚ ಮಾಡಿಸಿ ಹಸಿರು ಬಣ್ಣ ಹೊಡೆಸಿದ. ತೂತುಗಳಲ್ಲೆಲ್ಲ ಬಣ್ಣ ತುಂಬಿ ಒಂದು ಬೋಲ್ಟೂ ಹೋಗದು. ಏನೂ ಅರಿಯದ ಅಪ್ಪ ಯಾರನ್ನು ಕರೆಸಬೇಕು ಹೇಳಿ? ಅವರನ್ನೇ!

ಅವರು ಚಾಳಿನ ಗ್ಯಾಲರಿಯಲ್ಲಿ ಮಂಡಿಯೂರಿ ಕೂತು ತಿರುಗಿಸತೊಡಗಿದರು. ಹಸಿರು ಚೂರುಗಳು ಉದುರಿದವು. ನಾನು ಚಹಾ ಒಯ್ದೆ.

"ಆತೇನ್ರಿ?"

"ಇದೊಂದು ಉಳದದ. ಭಾಳ ಬಿಗಿ ಅದ."

ಬಗ್ಗಿ ನೋಡಿದೆ. ಆ ತೂತಿನಿಂದ ಒಂದು ಚೂರೂ ಉದುರುತ್ತಿರಲಿಲ್ಲ. ಒಳಗೆ ಬರೀ ಕಬ್ಬಿಣ ಹೊಳೆಯುತ್ತಿತ್ತು. ಆದರೂ ತಿರುಗಿಸುತ್ತಲೇ ಇದ್ದರು, ಅರ್ಧ ಮುಂದೆ, ಪಾವು ಹಿಂದೆ. ನಾನೂ ನಿಂತೇ ಇದ್ದೆ. ಅವ್ವ ಎರಡು ಸಲ ಕರೆದಳು. ಚಹಾ ಆರಿ ಕೆನೆ ಕಟ್ಟಿತು.

ನನ್ನ ಯಜಮಾನರು ಒಳ್ಳೆಯವರು. ಮುಲುಂಡಿನಲ್ಲಿ ಮಂಚ ಜೋಡಿಸಿದ ದಿನ ಬೋಲ್ಟುಗಳು ಬೆರಳಲ್ಲೇ ಸರಾಗ ಹೋದದ್ದು ಕಂಡು ಹಿಗ್ಗಿದರು. ಒಂದು ಮೂಲೆಯದು ಮಾತ್ರ ಸಡಿಲ. ಅಷ್ಟು ಹೊತ್ತು ಸುಮ್ಮನೆ ತಿರುಗಿಸಿದರೆ ಸುತ್ತುಗೆರೆ ಸವೆಯದೆ ಇನ್ನೇನಾಗುತ್ತದೆ! ಎಷ್ಟು ಬಿಗಿದರೂ ಮಂಚ ಅಲ್ಲಿ ಅಲುಗಾಡುತ್ತದೆ. "ನಿಮ್ಮಣ್ಣನ ಗೆಳೆಯ ಎಲ್ಲಾ ಛಲೋ ಮಾಡ್ಯಾನ, ಇದೊಂದು ಕೆಡಿಸ್ಯಾನ ನೋಡು" ಎಂದು ಇವರು ಈಗಲೂ ಗೊಣಗುತ್ತಾರೆ.

"ಹೌದ್ರಿ" ಎನ್ನುತ್ತೇನೆ. ಒಂದು ಸಲ, ಒಂದೇ ಒಂದು ಸಲ, ಹಿಂದೆ ತಿರುಗದೆ ಬರಬಾರದಿತ್ತೇ ಆ ಮಹಾರಾಯರು? ದಪ್ಪನೆಯ ಹೊಸ ಬೋಲ್ಟು ತಂದು ಹಾಕಿಸೋಣವೆಂದು ಇವರು ಎಷ್ಟೋ ಸಲ ಹೇಳಿದರು. ಇರಲಿ ಬಿಡ್ರಿ, ಅದು ಹಾಗೇ ಇರಲಿ ಎಂದಿದ್ದೇನೆ.