ಯಂತ್ರದಣ್ಣನ ಆಟೋಮ್ಯಾಟಿಕ್ ಗಾಡಿ

ಗೇರ್‌ಬಾಕ್ಸ್ ತನ್ನಷ್ಟಕ್ಕೆ ಕೆಟ್ಟಿದ್ದನ್ನು ನಾನು ಈವರೆಗೆ ನೋಡಿಲ್ಲ. ಕೆಡುವ ಮೊದಲು ಯಾರಾದರೊಬ್ಬರು ಅದಕ್ಕೆ ಉಪಕಾರ ಮಾಡಿರುತ್ತಾರೆ. ಕೊಪ್ಪದಲ್ಲಿ ಗ್ಯಾರೇಜು ಇಟ್ಟ ಮೇಲೆ ಇಂಥ ಉಪಕಾರಗಳನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಯಂತ್ರದಣ್ಣನ ಗಾಡಿಗೆ ಆದಷ್ಟು ಉಪಕಾರ ಬೇರಾವುದಕ್ಕೂ ಆಗಿಲ್ಲ.

ಅಡಿಕೆ ಸುಲಿಯುವ ಯಂತ್ರವನ್ನು ಟ್ರೇಲರಿನ ಮೇಲೆ ಕೂರಿಸಿ, ಗಾಡಿಗೆ ಕಟ್ಟಿ ಎಳೆದುಕೊಂಡು, ಮನೆಯಿಂದ ಮನೆಗೆ ಹೋಗುವುದು ಅವರ ಕೆಲಸ. ಹಾಗಾಗಿ ಆ ಹೆಸರು. ಮೂವತ್ತು ವರ್ಷ ಲಾರಿ ಓಡಿಸಿ ಅವರ ಎಡಮಂಡಿ ಸವೆದಿತ್ತು. ಇನ್ನು ಕ್ಲಚ್ ತುಳಿಯಬೇಡಿ ಎಂದು ಡಾಕ್ಟರು ಹೇಳಿದಾಗ, ನನ್ನ ಮಾತು ನಂಬಿ, ಕ್ಲಚ್ಚೇ ಇಲ್ಲದ ಒಂದು ಹಳೆಯ ಆಟೋಮ್ಯಾಟಿಕ್ ಪಿಕಪ್ ಕೊಂಡರು.

"ಇದರ ಗೇರ್‌ಬಾಕ್ಸ್ ಹೋದ್ರೆ ನನ್ನ ಕಾಲೇ ಹೋದ ಹಾಗೆ. ನೋಡ್ಕೋ ಮಾರಾಯ," ಎಂದರು. ಆಯಿತು ಎಂದೆ. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

೧. ಎಡಗಾಲು

ಮೂವತ್ತು ವರ್ಷದ ಅಭ್ಯಾಸ. ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಎಡಗಾಲು ಹೋಗುತ್ತಿತ್ತು, ಬ್ರೇಕ್ ಸಿಗುತ್ತಿತ್ತು. ಒಂದು ಕಾಲು ಹೋಗು ಎನ್ನುವಾಗ ಇನ್ನೊಂದು ನಿಲ್ಲು ಎಂದರೆ ಗೇರ್‌ಬಾಕ್ಸಿನ ಎಣ್ಣೆ ಕಾದುಹೋಗುತ್ತದೆ. "ಆ ಕಾಲನ್ನ ಸುಮ್ಮನೆ ಇಡಿ ಅಣ್ಣಾ," ಎಂದೆ. ಅವರು ಹೇಳಿದ ಮಾತು ಮೀರುವವರಲ್ಲ. ಟವೆಲಿನಿಂದ ಎಡಗಾಲನ್ನು ಸೀಟಿನ ಕಂಬಿಗೆ ಕಟ್ಟಿಕೊಂಡು ಮೆಣಸೆ ಊರಿನ ಒಂದು ಮನೆಗೆ ಹೋದರು. ಅಲ್ಲಿ ಕಟ್ಟಿದ್ದು ಮರೆತು ಇಳಿದರು. ಅರ್ಧ ಹೊರಗೆ, ಅರ್ಧ ಒಳಗೆ.

"ಬನ್ನಿ, ಕಾಫಿ ಆಗಿದೆ," ಎಂದು ಮನೆಯವರು ಕರೆದರು.

"ನಾನು ಬಂದಾಯ್ತು, ಕಾಲು ಇನ್ನೂ ಬರ್ಬೇಕು," ಎಂದರಂತೆ.

೨. ಹೇಗಿದ್ರೂ ಹೋಗ್ತೀರಲ್ಲ

ಇಂತಿಷ್ಟೇ ಭಾರ ಎಳೆಯಬೇಕು ಎಂದು ಗಾಡಿಗೊಂದು ಲೆಕ್ಕವಿದೆ. ನಮ್ಮ ಕಡೆಯವರಿಗೆ ಇರುವುದು ಬೇರೆ ಲೆಕ್ಕ. ಯಾವ ಗಾಡಿಯೂ ಜಾಗ ಖಾಲಿ ಬಿಟ್ಟುಕೊಂಡು ಹೋಗಬಾರದು. "ಹೇಗಿದ್ರೂ ಕಮ್ಮರಡಿಗೆ ಹೋಗ್ತೀರಲ್ಲ, ಇದೊಂದು ತಂಗಿ ಮನೆಗೆ," ಎಂದು ಒಬ್ಬರು ಬಾಳೆಗೊನೆ ಹಾಕಿದರೆ, ಮತ್ತೊಬ್ಬರು ರುಬ್ಬುವ ಕಲ್ಲು ಹಾಕಿದರು. ಯಂತ್ರದಣ್ಣನಿಗೆ ಇಲ್ಲ ಎನ್ನಲು ಬಾರದು. ಏರಿನಲ್ಲಿ, ಗೇರ್‌ಬಾಕ್ಸ್ ಕಾದಿದೆ ಎನ್ನುವ ಕೆಂಪು ದೀಪ ಹತ್ತಿತು.

ನಾನು ಸಿಟ್ಟಿನಲ್ಲೇ ಒಂದು ಬೋರ್ಡು ಬರೆದು ಟ್ರೇಲರಿಗೆ ಹೊಡೆದೆ: "ಯಂತ್ರ ಬಿಟ್ಟು ಬೇರೇನನ್ನೂ ಹಾಕತಕ್ಕದ್ದಲ್ಲ." ಬೋರ್ಡು ಹೊಡೆದಾದ ಮೇಲೆ, ಹೇಗಿದ್ರೂ ಎನ್.ಆರ್.ಪುರಕ್ಕೆ ಹೋಗುತ್ತಾರಲ್ಲ ಎಂದು, ನಮ್ಮ ಭಾವನ ಹಳೇ ಬ್ಯಾಟರಿಯೊಂದನ್ನು ಅದರ ಪಕ್ಕದಲ್ಲೇ ಇಟ್ಟು ಕಳಿಸಿದೆ.

೩. ಉಳಿತಾಯ

ಇಳಿಜಾರು ಸಿಕ್ಕಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಹಳೇ ಡ್ರೈವರುಗಳ ನಂಬಿಕೆ, ಯಂತ್ರದಣ್ಣನದೂ ಅದೇ. ಹಿಂದಿನಿಂದ ಟ್ರೇಲರ್ ದಬ್ಬುವಾಗ ಹಾಗೆ ಮಾಡಿದರೆ ಗಾಡಿಯೂ ಉಳಿಯುವುದಿಲ್ಲ, ಗೇರ್‌ಬಾಕ್ಸೂ ಉಳಿಯುವುದಿಲ್ಲ. ಎಣ್ಣೆ ಇಳಿಸಿ ನೋಡಿದೆ. ಕೋಕಂ ಶರಬತ್ತಿನ ಹಾಗೆ ಕೆಂಪಗಿರಬೇಕಾದದ್ದು ಕಷಾಯವಾಗಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಇನ್ಮೇಲೆ ಇಳಿಯುವಾಗ ಕೆಳಗಿನ ಗೇರಲ್ಲೇ ಇಳೀರಿ ಅಣ್ಣಾ."

"ಮೂವತ್ತು ವರ್ಷದಲ್ಲಿ ಎಷ್ಟು ಡೀಸೆಲ್ ಉಳಿಸಿದ್ದೀನಿ ಗೊತ್ತಾ ನಿಂಗೆ?"

"ಎಲ್ಲಿದೆ ಈಗ ಅದು?"

ಅವರು ತುಂಬಾ ಹೊತ್ತು ಯೋಚಿಸಿ, "ಅದೇ ನೋಡು, ಕಾಣ್ತಾ ಇಲ್ಲ," ಎಂದರು.

ಹೊಸ ಎಣ್ಣೆ ಹಾಕಿ, ಅದು ತಣ್ಣಗಿರಲೆಂದು ಗಾಡಿಯ ಮುಂಭಾಗದಲ್ಲಿ, ಗಾಳಿ ಹೊಡೆಯುವ ಜಾಗಕ್ಕೆ, ಒಂದು ಕೂಲರ್ ಕೂರಿಸಿದೆ. "ಇನ್ನು ನಿಮ್ಮ ಕಾಲು ಇದರ ಕೈಲಿದೆ," ಎಂದೆ. ಈ ಮಾತು ಹೇಳಬಾರದಿತ್ತು.

೪. ಕೂಲರ್

ಮೂರನೇ ದಿನ ಫೋನು. ಕಮ್ಮರಡಿ ಹತ್ತಿರದ ಏರಿನಲ್ಲಿ ಮತ್ತೆ ಕೆಂಪು ದೀಪ. ಬೈಕು ಹತ್ತಿ ಹೋದೆ. ಯಂತ್ರದಣ್ಣ ಮಂಡಿಯ ಮೇಲೆ ಕೈಯಿಟ್ಟು ಮೋರಿ ಕಟ್ಟೆಯ ಮೇಲೆ ಕೂತಿದ್ದರು. "ಎಲ್ಲ ನೀನು ಹೇಳಿದ ಹಾಗೇ ಮಾಡಿದೆ. ಭಾರ ಹಾಕಿಲ್ಲ, ನ್ಯೂಟ್ರಲ್ ಮಾಡಿಲ್ಲ. ನನ್ನ ಡ್ರೈವಿಂಗ್ ಮುಗೀತು ಅಂತ ಕಾಣ್ತದೆ," ಎಂದರು. ಗಾಡಿ ಕೊಡಿಸಿದವನು ನಾನು.

ಗಾಡಿಯ ಮುಂದೆ ಹೋಗಿ ನಿಂತೆ. ಕೂಲರೇ ಕಾಣಲಿಲ್ಲ. ಅರಿಶಿನ ಕುಂಕುಮ ಬಳಿದು, ಅದರ ಮೇಲೆ ನಾಲ್ಕು ಸುತ್ತು ಚೆಂಡುಹೂವಿನ ಮಾಲೆ ಬಿಗಿದಿದ್ದರು. ಒಂದು ಎಳೆ ಗಾಳಿ ನುಗ್ಗಲೂ ಜಾಗವಿರಲಿಲ್ಲ.

"ಕಾಲು ಇದರ ಕೈಲಿದೆ ಅಂದ್ಯಲ್ಲ ಮಾರಾಯ. ಪೂಜೆ ಮಾಡ್ಸದೆ ಇರೋಕಾಗ್ತದಾ?"

ಮಾಲೆ ಬಿಚ್ಚಿದೆ. ಅರ್ಧ ಗಂಟೆಯಲ್ಲಿ ದೀಪ ಆರಿತು. ಎಣ್ಣೆ ತೆಗೆದು ನೋಡಿದೆ, ಇನ್ನೂ ಕೆಂಪಗೇ ಇತ್ತು. ಮಾಲೆ ಪೊದೆಗೆ ಎಸೆಯಲು ಹೋದೆ, ಪೂಜೆಯದ್ದು ಎಸೆಯಬಾರದು ಎಂದರು. ಟ್ರೇಲರಿನಲ್ಲಿಡಲು ಹೋದೆ. ಅವರು ಗಂಭೀರವಾಗಿ ಬೋರ್ಡು ತೋರಿಸಿದರು.

ಬೈಕಿನಲ್ಲಿ ಇಡಲು ಬೇರೆ ಜಾಗವಿರಲಿಲ್ಲ. ಕೊರಳಿಗೆ ಹಾಕಿಕೊಂಡು ಕೊಪ್ಪ ಪೇಟೆಗೆ ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಕೈಮುಗಿದರು. ಮೂರನೆಯವರು ಹತ್ತಿರ ಬಂದು, ನಮ್ಮ ಮನೆ ರಸ್ತೆ ಯಾವಾಗ ಮಾಡಿಸ್ತೀರಿ ಎಂದು ಕೇಳಿದರು.