ಶಿವಯೋಗಿಯ ಖಾಲಿ ಡಬ್ಬಿ

ನಾಲ್ಕು ವರ್ಷದ ಶಿವಯೋಗಿ ಆ ದಿನ ತನ್ನ ಊಟದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದ. ಆಗಿದ್ದು ಇಷ್ಟೇ. ಮಗು ಊಟ ಮಾಡಿತು, ಒಳ್ಳೆಯದಾಯಿತು ಎಂದು ಸುಮ್ಮನಿರಬಹುದಾಗಿದ್ದ ಈ ಸಂಗತಿಯಿಂದ ಕೂಡ್ಲಿಗಿಯ ಒಬ್ಬ ಬಡಪಾಯಿ ಕಂಪ್ಯೂಟರ್ ಮೇಷ್ಟ್ರ ಕುರ್ಚಿಗೆ ಸಂಚಕಾರ ಬಂತು.

ಕುರ್ಚಿ ಎಂದರೆ ಇನ್ನೂ ಸಿಗದೇ ಇದ್ದ ಕುರ್ಚಿ. ಮೇಷ್ಟ್ರ ಹೆಸರು ತಿಪ್ಪೇಶ. ಹಾಲುತೆನೆ ನರ್ಸರಿ ಶಾಲೆ ನಡೆಸುವ ಪುಷ್ಪಲತಾ ಮೇಡಂ ಅವನನ್ನು ಕಂಪ್ಯೂಟರ್ ಕಲಿಸುವುದಕ್ಕೆಂದೇ ಸೇರಿಸಿಕೊಂಡಿದ್ದರು. ಆಮೇಲೆ, ಚಡ್ಡಿ ಏರಿಸಿಕೊಳ್ಳಲೂ ಬಾರದ ಮಕ್ಕಳ ಕೈಗೆ ಕಂಪ್ಯೂಟರ್ ಸಿಕ್ಕರೆ ಅದರ ಗತಿ ಏನಾದೀತು ಎಂದು ದಿಗಿಲಾಗಿ, ಅದಕ್ಕೊಂದು ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದರು. ಆ ಕೋಣೆಯಲ್ಲಿ ಒಂದು ತಿರುಗುವ ಕುರ್ಚಿ ಇತ್ತು. ತಿಪ್ಪೇಶ ದಿನಾ ಕಿಟಕಿಯಿಂದ ಅದನ್ನು ನೋಡುತ್ತಿದ್ದ. ಸಂಬಳ ಸುಮ್ಮನೆ ಕೊಡಲಾಗುತ್ತದೆಯೇ? ಹಾಗಾಗಿ ಮೇಡಂ ಅವನನ್ನು ಶಾಲೆಯ ವ್ಯಾನಿನ ಬಾಗಿಲಿಗೆ ನಿಲ್ಲಿಸಿದ್ದರು. ಮಕ್ಕಳನ್ನು ಎತ್ತಿ ಹತ್ತಿಸುವುದು, ಇಳಿಸುವುದು, ಮೂಗು ಒರೆಸುವುದು, ಕಳೆದುಹೋದ ಒಂಟಿ ಬೂಟು ಹುಡುಕುವುದು. ಊರು ಅವನನ್ನು ವ್ಯಾನ್ ಸರ್ ಎಂದೇ ಕರೆಯುತ್ತಿತ್ತು. ಅವನು ದಿನಾ ಪಕ್ಕದ ಹಳ್ಳಿಯಿಂದ ಬಂದು ಹೋಗುತ್ತಿದ್ದುದರಿಂದ ಅವನ ತಾಯಿ ಗಾಳೆಮ್ಮನಿಗೆ ಮಾತ್ರ ಇದು ಗೊತ್ತಿರಲಿಲ್ಲ. ಆಕೆ ನೆಂಟರಿಗೆಲ್ಲ ನನ್ನ ಮಗ ಕಂಪ್ಯೂಟರ್ ಮುಂದೆ ಕೂರುವವನು ಎಂದು ಹೇಳಿಕೊಂಡು ಬಂದಿದ್ದಳು. ಒಂದು ಸಲ ಬಂದು ಕಣ್ತುಂಬ ನೋಡಿ ಹೋಗ್ತೀನಿ ಎಂದು ಆಕೆ ಅಂದಾಗಲೆಲ್ಲ ತಿಪ್ಪೇಶ, ಕರೆಂಟಿಲ್ಲ, ಬಣ್ಣ ಹೊಡೀತಿದ್ದಾರೆ, ಹಾವು ಹೊಕ್ಕಿದೆ ಎಂದು ಏನಾದರೊಂದು ನೆಪ ಹೇಳಿ ತಪ್ಪಿಸುತ್ತಿದ್ದ.

ವ್ಯಾನಿನ ಕೆಲಸದಲ್ಲಿ ಅವನಿಗೆ ಮೂಗು ಒರೆಸುವುದಕ್ಕಿಂತ ಬೇಜಾರಿನದು ಇನ್ನೊಂದಿತ್ತು. ಸಂಜೆ ಮಗುವನ್ನು ಇಳಿಸಿಕೊಳ್ಳಲು ಬಂದ ಪ್ರತಿ ತಾಯಿ, ಪ್ರತಿ ಅಜ್ಜಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇವತ್ತು ಉಂಡಿತಾ? ಇದಕ್ಕೆ ಎರಡು ಉತ್ತರ ಕೊಡಬೇಕು. ಮೊದಲು ಓಣಿಗೆಲ್ಲ ಕೇಳುವ ಹಾಗೆ “ಎಲ್ಲಿ ಉಂಡಾನ್ರಿ, ಏನೂ ಮುಟ್ಟಿಲ್ಲ” ಎನ್ನಬೇಕು. ಆಮೇಲೆ ಬಗ್ಗಿ ಕಿವಿಯಲ್ಲಿ “ಪೂರ್ತಿ ಉಂಡಾನ್ರಿ” ಎನ್ನಬೇಕು. ಮಗು ಚೆನ್ನಾಗಿ ಉಂಡಿತು ಎಂಬ ಮಾತು ನಾಲ್ಕು ಜನರ ಕಿವಿಗೆ ಬಿದ್ದರೆ ದೃಷ್ಟಿಯಾಗುವುದಿಲ್ಲವೇ? ಮನೆಮನೆಗೂ ಹೀಗೆ ಜೋರಾಗಿ ಒಂದು, ಮೆಲ್ಲಗೆ ಒಂದು ಹೇಳಿ ಹೇಳಿ ಅವನ ಗಂಟಲೂ ಹೋಗುತ್ತಿತ್ತು, ಸೊಂಟವೂ ಹೋಗುತ್ತಿತ್ತು. ಮಕ್ಕಳನ್ನೆಲ್ಲ ಬಿಟ್ಟು ವಾಪಸು ಬರುವಾಗ ಡ್ರೈವರ್ ಗಂಗಪ್ಪನ ಜೊತೆ ಹೈವೇ ಪಕ್ಕದ ಬಂಡಿ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ತಿನ್ನುವ ಸುಖ ಒಂದಿರದಿದ್ದರೆ ಅವನು ಎಂದೋ ಕೆಲಸ ಬಿಡುತ್ತಿದ್ದ.

ಫೋನಿಗೆ ಒಂದು ಆಪ್ ಮಾಡುವ ಯೋಚನೆ ಅವನಿಗೆ ಬಂದದ್ದು ಈ ಸೊಂಟನೋವಿನಿಂದಲೇ. ಶಾಲೆಯಲ್ಲಿ ಮಿಸ್ ಒಂದು ಗುಂಡಿ ಒತ್ತಿದರೆ ಸಾಕು, ಮಗು ಉಂಡಿತೋ, ಅತ್ತಿತೋ, ಮಲಗಿತೋ ಎಲ್ಲವೂ ಫೋಟೊ ಸಮೇತ ಪೋಷಕರ ಫೋನಿಗೆ ಹೋಗಬೇಕು. ಬೇಸಿಗೆ ರಜೆಯೆಲ್ಲ ಕೂತು ಅದನ್ನು ಮಾಡಿದ. ಒಬ್ಬರ ಮಗು ಉಂಡದ್ದನ್ನು ನೋಡಿ ಇನ್ನೊಬ್ಬರಿಗೂ ಉಮೇದು ಬರಲಿ ಎಂದು ಎಲ್ಲರ ಸುದ್ದಿ ಎಲ್ಲರಿಗೂ ಕಾಣುವ ಹಾಗೆ ಇಟ್ಟ. ಮೂಲೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿ ವ್ಯಾನ್ ಎಲ್ಲಿದೆ ಎಂದು ತೋರಿಸುವ ಒಂದು ಸಣ್ಣ ಹಳದಿ ಬೊಂಬೆಯನ್ನೂ ಕೂರಿಸಿದ.

ಪುಷ್ಪಲತಾ ಮೇಡಂಗೆ ಇದು ಹಿಡಿಸಿತು. ಮೊದಲ ದಿನ ಪೋಷಕರು ಮೆಚ್ಚಿದರೆ ಮರುದಿನದಿಂದಲೇ ಕಂಪ್ಯೂಟರ್ ಕೋಣೆಯ ಬೀಗ ತೆಗೆಸುತ್ತೇನೆ, ನೀನು ಅಲ್ಲೇ ಕೂತು ಆಪ್ ನೋಡಿಕೊಂಡಿರು ಎಂದರು. ಆ ಮೊದಲ ದಿನದ ಬೆಳಿಗ್ಗೆ ಗಾಳೆಮ್ಮ ಮಗನ ಬಿಳಿ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು. ನಾಳೆ ಖಂಡಿತ ಬಾರವ್ವ ಎಂದು ತಿಪ್ಪೇಶ ಈ ಸಲ ತಾನೇ ಕರೆದು ಬಂದಿದ್ದ.

ಊಟದ ಬಿಡುವಿನಲ್ಲಿ ಶಿವಯೋಗಿ ಡಬ್ಬಿ ಖಾಲಿ ಮಾಡಿ ಅದನ್ನು ಟೊಪ್ಪಿಗೆಯ ಹಾಗೆ ತಲೆಯ ಮೇಲೆ ಮಗುಚಿಕೊಂಡ. ರೋಜಾ ಮಿಸ್ ಫಕ್ಕನೆ ಫೋಟೊ ಹೊಡೆದು ‘ಊಟ’ ಗುಂಡಿ ಒತ್ತಿದರು. ತಿಪ್ಪೇಶ ಮೊದಲೇ ಬರೆದಿಟ್ಟಿದ್ದ ಸಾಲು ಫೋಟೊದ ಕೆಳಗೆ ತಾನಾಗಿ ಮೂಡಿತು: ‘ನಿಮ್ಮ ಮುದ್ದು ಮಗು ಇಂದು ಹೊಟ್ಟೆತುಂಬ ಉಂಡು ದುಂಡುದುಂಡಾಗಿದೆ!’ ಕ್ಷಣದಲ್ಲಿ ಅದು ಎಲ್ಲ ಮನೆಗಳ ಫೋನಿನಲ್ಲೂ ಟಿಣ್ ಎಂದಿತು. ಹೂವು, ಹೃದಯ, ಚಪ್ಪಾಳೆ ಬರತೊಡಗಿದವು. ತಿಪ್ಪೇಶ ಕಿಟಕಿಯ ಬಳಿ ಹೋಗಿ ಕುರ್ಚಿಯನ್ನು ಇನ್ನೊಮ್ಮೆ ನೋಡಿಕೊಂಡು ಬಂದ.

ಅಷ್ಟರಲ್ಲಿ ಶಿವಯೋಗಿ ಪಕ್ಕದವಳ ಡಬ್ಬಿಯ ಶೇಂಗಾ ಹೋಳಿಗೆಯನ್ನೂ ಮುಗಿಸಿ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡುತ್ತಿದ್ದ. ರೋಜಾ ಮಿಸ್ ಎಂದರೆ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡುವ ಹುಡುಗಿ. ‘ಹೊಟ್ಟೆನೋವು’ ಗುಂಡಿಯನ್ನೂ ಒತ್ತಿದರು. ಟಿಣ್ ಎಂದಿತು. ಮೊದಲು ದುಂಡುದುಂಡಾಗಿದೆ, ಅದರ ಬೆನ್ನಿಗೇ ಹೊಟ್ಟೆನೋವು. ಕೂಡ್ಲಿಗಿಯಲ್ಲಿ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಶಿವಯೋಗಿಯ ಅಜ್ಜಿ ಮರುಳಸಿದ್ದಮ್ಮ ಸೆರಗಿನಲ್ಲಿ ಉಪ್ಪು, ಒಣಮೆಣಸಿನಕಾಯಿ, ಕಸಬರಿಗೆ ಕಡ್ಡಿ ಕಟ್ಟಿಕೊಂಡು ಬಂದೇ ಬಿಟ್ಟಳು. ಮೊಮ್ಮಗನನ್ನು ಅಂಗಳದಲ್ಲಿ ಕೂರಿಸಿ, ಓಣಿಯ ಕಣ್ಣು, ಊರ ಕಣ್ಣು, ಈ ಹಾಳು ಫೋನಿನ ಕಣ್ಣು ಎಂದು ನಿವಾಳಿಸಿ, ಎಲ್ಲವನ್ನೂ ಪಕ್ಕದ ಮನೆಯಿಂದ ತರಿಸಿದ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ತಗುಲಿದ್ದು ಖಾತ್ರಿ ಎಂದು ಲೆಕ್ಕ. ಎಲ್ಲರೂ ಮೂಗು ಚಾಚಿ ನಿಂತರು. ಅಂದು ಗಾಳಿಯ ಬೀಸು ತಿಪ್ಪೇಶನ ಕಡೆಗಿತ್ತು. ಕೆಮ್ಮಿ ಕೆಮ್ಮಿ ಅವನ ಕಣ್ಣಲ್ಲಿ ನೀರು ಬಂತು. ಉಳಿದವರಿಗೆ ಏನೂ ಆಗಲಿಲ್ಲ.

“ನೋಡ್ರಿ ಮೇಡಂ, ಒಂಚೂರು ಘಾಟಿಲ್ಲ” ಎಂದಳು ಮರುಳಸಿದ್ದಮ್ಮ. “ಎಷ್ಟು ಮಂದಿ ಕಣ್ಣು ಬಿದ್ದಿರಬೇಕು ಕೂಸಿನ ಮ್ಯಾಲೆ.”

ಘಾಟು ಇದೆ ಎಂದು ಹೇಳಲು ತಿಪ್ಪೇಶನಿಗೆ ಉಸಿರು ಇರಲಿಲ್ಲ.

ಪುಷ್ಪಲತಾ ಮೇಡಂ ಅವನನ್ನು ಪಕ್ಕಕ್ಕೆ ಕರೆದು, ಇದನ್ನು ಈಗಲೇ ಸರಿಮಾಡು, ಇಲ್ಲದಿದ್ದರೆ ಕುರ್ಚಿಯ ಮಾತು ಮರೆತುಬಿಡು ಎಂದರು. ತಿಪ್ಪೇಶ ಗಡಿಬಿಡಿಯಲ್ಲಿ ಫೋಟೊದಲ್ಲಿರುವ ಪ್ರತಿ ಮಗುವಿನ ಕೆನ್ನೆಗೆ ತಾನಾಗಿ ಒಂದು ಕರಿ ಬೊಟ್ಟು ಬೀಳುವ ಹಾಗೆ ಮಾಡಿದ. ಆಪ್‌ಗೆ ಕೆನ್ನೆ ಯಾವುದು, ಮೂಗು ಯಾವುದು ಎಂದು ಸರಿಯಾಗಿ ತಿಳಿಯದು. ಕೆಲವು ಮಕ್ಕಳಿಗೆ ಮೂಗಿನ ತುದಿಗೆ ಬೊಟ್ಟು ಬಿತ್ತು. ಮೊದಲ ಪುಟದ ಫೋಟೊದಲ್ಲಿ ನಗುತ್ತಿದ್ದ ಪುಷ್ಪಲತಾ ಮೇಡಂಗೆ ಮೂಗಿನ ಕೆಳಗೆ ಎರಡು ಬೊಟ್ಟು ಬಿದ್ದು ಮೀಸೆ ಬಂದ ಹಾಗಾಯಿತು. ಅವರು ಫೋನು ನೋಡಿದರು, ತಿಪ್ಪೇಶನನ್ನು ನೋಡಿದರು, ಸೆರಗಿನಿಂದ ಮೂಗಿನ ಕೆಳಗೆ ಒಮ್ಮೆ ಒರೆಸಿಕೊಂಡರು.

ಆಗ ಅವನಿಗೆ ಫಳಕ್ಕನೆ ಹೊಳೆಯಿತು. ವ್ಯಾನಿನ ಬಾಗಿಲಲ್ಲಿ ನಿಂತು ತಾನು ದಿನಾ ಮಾಡುವುದೇನು? ಓಣಿಗೆಲ್ಲ ಕೇಳುವ ಹಾಗೆ ಏನೂ ಮುಟ್ಟಿಲ್ಲ ಎನ್ನುವುದು. ಆಪ್ ಕೂಡ ಅದನ್ನೇ ಹೇಳಿದರೆ ಯಾರ ಕಣ್ಣು ಯಾರ ಮೇಲೆ ಬೀಳಲು ಸಾಧ್ಯ? ಎಲ್ಲ ಮಕ್ಕಳ ಹೆಸರಿನ ಮುಂದೆ ‘ಇಂದು ಏನೂ ತಿಂದಿಲ್ಲ’ ಎಂದು ಬರೆದು ಕಳಿಸಿದ. ಕಿವಿಯಲ್ಲಿ ಹೇಳುವ ಇನ್ನೊಂದು ಮಾತಿಗೆ ಫೋನಿನಲ್ಲಿ ಎಲ್ಲಿ ಜಾಗವಿದೆ ಎಂಬುದನ್ನು ಅವನು ಯೋಚಿಸಲಿಲ್ಲ ಪಾಪ.

ಮರುಳಸಿದ್ದಮ್ಮನಿಗೇನೋ ಸಮಾಧಾನವಾಯಿತು. ಆದರೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ಇದ್ದ ಪೋಷಕರಿಗೆ ಬಂದದ್ದು ಅದೊಂದೇ ಸಾಲು. ಗಾಬರಿಯಲ್ಲಿ ರೋಜಾ ಮಿಸ್ ಕೈ ತಾಗಿ ‘ಅಳುತ್ತಿದೆ’ ಗುಂಡಿಯೂ ಒತ್ತಿಹೋಗಿತ್ತು. ಶಾಲೆಯ ಅಷ್ಟೂ ಮಕ್ಕಳು ಉಪವಾಸವಿದ್ದು ಅಳುತ್ತಿವೆ ಎಂದು ಊರಿಗೆಲ್ಲ ಸುದ್ದಿಯಾಯಿತು. ತಾಲ್ಲೂಕು ಕಚೇರಿಯ ಗುಮಾಸ್ತೆ ಸುಕನ್ಯಾ ಮೇಜಿನ ಮೇಲೆ ಕಡತ ಹರಡಿದ್ದ ಹಾಗೇ ಬಿಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದು ಓಡಿ ಬಂದಳು. ಶಿವಯೋಗಿಯ ಅಪ್ಪ ಓಬಳೇಶಪ್ಪ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಬೈಕಿನಲ್ಲಿ ಬಂದ. ನನ್ನ ಮಗ ಹೊಟ್ಟೆತುಂಬ ಉಂಡಾನೋ, ಹೊಟ್ಟೆನೋವೋ, ಉಪವಾಸ ಅದಾನೋ, ಮೂರರಲ್ಲಿ ಒಂದು ಹೇಳಿ ಎಂದು ಗೇಟಿನಲ್ಲೇ ಕೂತ. ನೋಡನೋಡುತ್ತ ಗೇಟಿನ ಮುಂದೆ ಸಂತೆ ಕೂಡಿತು. ಹೊರಗೆ ಅಪ್ಪ ಅಮ್ಮಂದಿರನ್ನು ಕಂಡು, ಅಲ್ಲಿಯವರೆಗೆ ನಗುತ್ತಿದ್ದ ಮಕ್ಕಳು ನಿಜವಾಗಿಯೂ ಅಳಲು ಶುರುಮಾಡಿದವು.

ತಿಪ್ಪೇಶ ಅಭ್ಯಾಸಬಲದಿಂದ ಗೇಟಿನ ಬಳಿ ಓಡಿದ. ಒಬ್ಬೊಬ್ಬರ ಹತ್ತಿರ ಹೋಗಿ, ಜೋರಾಗಿ ಏನೂ ಮುಟ್ಟಿಲ್ಲ ಎಂದು, ಬಗ್ಗಿ ಕಿವಿಯಲ್ಲಿ ಪೂರ್ತಿ ಉಂಡಿದೆ ಎಂದು ಹೇಳುತ್ತ ಬಂದ. ಓಬಳೇಶಪ್ಪನ ಕಿವಿಯಲ್ಲಿ ಪಕ್ಕದವಳ ಹೋಳಿಗೆಯ ವಿಷಯವನ್ನೂ ಹೇಳಿದ. ಓಬಳೇಶಪ್ಪನಿಗೆ ಮೀಸೆಯೊಳಗೇ ನಗು ಬಂತು. ಸುಕನ್ಯಾ ಉಸಿರು ಬಿಟ್ಟು ಒಂದು ಬಾಳೆಹಣ್ಣನ್ನು ತಾನೇ ತಿಂದಳು. ಸಂತೆ ತಣ್ಣಗಾಯಿತು.

ಪುಷ್ಪಲತಾ ಮೇಡಂ ಜಗುಲಿಯ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದರು. ಹೇಗೂ ಎಲ್ಲರೂ ಸೇರಿದ್ದೀರಿ, ಈ ಆಪ್ ಇರಬೇಕೋ ಬೇಡವೋ ಈಗಲೇ ಹೇಳಿಬಿಡಿ ಎಂದರು. ತಿಪ್ಪೇಶ ಕಣ್ಣು ಮುಚ್ಚಿಕೊಂಡ. ಕುರ್ಚಿ ಹೋದರೆ ಹೋಗಲಿ, ನಾಳೆ ಬರುವ ತಾಯಿಗೆ ಏನು ಹೇಳುವುದು ಎಂದು ಹೊಸ ನೆಪ ಹುಡುಕತೊಡಗಿದ. ಹಾವಿನ ನೆಪ ಆಗಲೇ ಮುಗಿದಿತ್ತು.

“ಬೇಕ್ರಿ” ಎಂದಳು ಮರುಳಸಿದ್ದಮ್ಮ.

ತಿಪ್ಪೇಶ ಕಣ್ಣು ತೆರೆದ. ಸುಕನ್ಯಾ ಬೇಕು ಎಂದಳು. ಓಬಳೇಶಪ್ಪ ಬೇಕು ಎಂದ. ಇರಲಿ, ಇರಲಿ ಎಂದು ಗೇಟಿನ ಉದ್ದಕ್ಕೂ ಎಲ್ಲರೂ ತಲೆಯಾಡಿಸಿದರು. ಬೀಗ ತೆಗೆಯುವ ಸದ್ದು ತಿಪ್ಪೇಶನಿಗೆ ಆಗಲೇ ಕೇಳಿಸಿತು. ಈ ಅಜ್ಜಿಯ ಕಾಲು ಹಿಡಿಯಬೇಕು ಎನಿಸುವಷ್ಟು ಅವನಿಗೆ ಖುಷಿಯಾಯಿತು.

“ಅದರಾಗ ವ್ಯಾನ್ ಎಲ್ಲಿಗೆ ಬಂತು ಅಂತ ಕಾಣ್ತೈತಿ ನೋಡ್ರಿ, ಅದು ಭಾಳ ಚೊಲೊ ಐತಿ” ಎಂದು ಮರುಳಸಿದ್ದಮ್ಮ ಮುಂದುವರಿಸಿದಳು. “ವ್ಯಾನ್ ಬಂತಂದ್ರ ಈ ಹುಡುಗ ಬಂದಂಗ. ಉಂಡದ್ದು ಬಿಟ್ಟದ್ದು ಇವನ ಬಾಯಿಲೇ ಕೇಳ್ತೀವಿ. ಜೋರಾಗಿ ಹೇಳೋದು ಜೋರಾಗಿ, ಮೆಲ್ಲಕ ಹೇಳೋದು ಮೆಲ್ಲಕ. ಅದು ಫೋನಿಗೆ ಬರಂಗಿಲ್ಲರಿ. ಉಳಿದದ್ದೆಲ್ಲ ತಗದು ಬಿಡ್ರಿ.”

ಎಲ್ಲರೂ ಹೌದು ಹೌದು ಎಂದರು. ಇಂಥ ಮೇಷ್ಟ್ರು ಬೇರೆ ಯಾವ ಶಾಲೆಯಲ್ಲೂ ಇಲ್ಲ ಎಂದು ಸುಕನ್ಯಾ ಮನಸಾರೆ ಹೊಗಳಿದಳು. ಪುಷ್ಪಲತಾ ಮೇಡಂ ಆಡಿದ ಮಾತಿಗೆ ತಪ್ಪುವವರಲ್ಲ. ಅಲ್ಲೇ ಕಂಪ್ಯೂಟರ್ ಕೋಣೆಯ ಬೀಗ ತೆಗೆಸಿದರು. ವ್ಯಾನ್ ಎಲ್ಲಿದೆ ಎಂದು ನೋಡಿಕೊಳ್ಳಲು ಅಲ್ಲಿ ಒಬ್ಬರು ಕೂರಲೇಬೇಕು ತಾನೇ? ತಿಪ್ಪೇಶ ವ್ಯಾನಿನಲ್ಲಿರುವವನಾದ್ದರಿಂದ ತಿರುಗುವ ಕುರ್ಚಿಯ ಮೇಲೆ ರೋಜಾ ಮಿಸ್ ಕೂತರು. ಕೂತು, ಒಂದು ಸುತ್ತು ತಿರುಗಿಯೂ ನೋಡಿದರು.

ಸಂಜೆ ವ್ಯಾನ್ ಹೊರಟಿತು. ಹಿಂದೆಲ್ಲ ಪ್ರತಿ ಮನೆಯ ಮುಂದೆ ಹಾರನ್ ಬಾರಿಸಿ ಕಾಯಬೇಕಿತ್ತು. ಅಂದು ಎಲ್ಲರೂ ಮುಂಚೆಯೇ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಫೋನು. ತಿಪ್ಪೇಶ ಇಳಿದಲ್ಲೆಲ್ಲ ಆಪ್ ಬಂತು, ಆಪ್ ಬಂತು ಎಂದು ವ್ಯಾನಿನೊಳಗಿನ ಮಕ್ಕಳು ಕೂಗಿದವು. ತಿಪ್ಪೇಶ ಜೋರಾಗಿ ಒಂದು, ಮೆಲ್ಲಗೆ ಒಂದು ಹೇಳುತ್ತ ಹೋದ. ಬಗ್ಗಿ ಬಗ್ಗಿ ಗಾಳೆಮ್ಮನ ಎರಡು ಇಸ್ತ್ರಿಯ ಅಂಗಿ ಮುದ್ದೆಯಾಯಿತು. ತೋಳಿನ ಮೇಲೆ ಶಿವಯೋಗಿ ಮೂಗು ಒರೆಸಿ ಇಳಿದು ಹೋದ.

ವಾಪಸು ಬರುವಾಗ ಅವನ ಮುಖ ನೋಡಲಾರದೆ ಗಂಗಪ್ಪ ತಾನಾಗಿಯೇ ವ್ಯಾನನ್ನು ಬಂಡಿ ಅಂಗಡಿಯ ಮುಂದೆ ನಿಲ್ಲಿಸಿದ. ಒಂದು ಪ್ಲೇಟು ಒಗ್ಗರಣೆ, ಬಾಣಲೆಯಿಂದ ಆಗತಾನೇ ಎದ್ದ ಮಿರ್ಚಿ. ಇದೊಂದನ್ನು ಯಾರೂ ಕಿತ್ತುಕೊಳ್ಳಲಾರರು ಎಂದುಕೊಂಡು ತಿಪ್ಪೇಶ ಮೊದಲ ತುತ್ತು ಕಚ್ಚಿದ. ಫೋನು ಬಡಿದುಕೊಂಡಿತು. ರೋಜಾ ಮಿಸ್ ಬಹಳ ಮರ್ಯಾದೆಯಿಂದ, ವ್ಯಾನ್ ನಿಂತುಬಿಟ್ಟಿದೆಯಲ್ಲ, ಕೆಟ್ಟಿತೇ ಎಂದು ಕೇಳಿದರು. ಇಡುವಷ್ಟರಲ್ಲಿ ಸುಕನ್ಯಾ ಫೋನು. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬರದು. ಊರಿಗೆ ಊರೇ ಆ ಹಳದಿ ಬೊಂಬೆಯನ್ನು ನೋಡುತ್ತ ಕೂತಿತ್ತು. ಬೊಂಬೆ ಎಲ್ಲಿ ನಿಂತಿದೆ, ಅಲ್ಲಿ ಏನು ಸಿಗುತ್ತದೆ ಎಂದು ಕೂಡ್ಲಿಗಿಯಲ್ಲಿ ಯಾರಿಗೆ ತಿಳಿಯದು?

ಕೊನೆಗೆ ಬಂದದ್ದು ಮರುಳಸಿದ್ದಮ್ಮನ ಫೋನು. ಆಕೆಯ ದನಿಯಲ್ಲಿ ನಿಜವಾದ ಕಳವಳವಿತ್ತು.

“ಮಿರ್ಚಿ ತಿನ್ನಾಕತ್ತೀಯೇನಪಾ ತಮ್ಮ? ಎಲ್ಲಾರೂ ನೋಡಾಕತ್ತಾರ. ತಿಂದದ್ದು ಮೈಗೆ ಹತ್ತಂಗಿಲ್ಲ. ಆ ತಾಟು ಅಲ್ಲೇ ಇಟ್ಟು ಲಗೂನ ಮನಿಗೆ ಬಾ, ಉಪ್ಪು ಮೆಣಸಿನಕಾಯಿ ತಗದಿಟ್ಟೀನಿ.”

ತಿಪ್ಪೇಶನಿಗೆ ಬಿಕ್ಕಳಿಕೆ ಶುರುವಾಯಿತು.